ಫ್ಲ್ಯಾಟ್ ಹಾಕಿದ ಮೇಲೂ ಮೂಲೆ ಸರಿಹೋಗಲಿಲ್ಲವೇ? ಕ್ಯಾಲಿಬ್ರೇಷನ್ ಫ್ರೇಮ್‌ಗಳ ದೋಷ ಹುಡುಕುವ ಬಗೆ

ರಾತ್ರಿಯಿಡೀ ನಿದ್ದೆಗೆಟ್ಟು ದೂರದರ್ಶಕದಲ್ಲಿ ಆಕಾಶದ ಫೋಟೊ ತೆಗೆದು ಮೂರು ಗಂಟೆಯಷ್ಟು ಎಕ್ಸ್‌ಪೋಷರ್ ಕೂಡಿಸಿದ್ದೀರಿ. ಫ್ರೇಮ್‌ಗಳನ್ನು ಒಂದಾಗಿ ಸೇರಿಸಿ (ಸ್ಟ್ಯಾಕ್), ಮಂಕು ಭಾಗ ಕಾಣುವ ಹಾಗೆ ಹೊಳಪು ಹಿಗ್ಗಿಸಿದರೆ (ಸ್ಟ್ರೆಚ್) ನೆಬ್ಯುಲಾ ಚೆನ್ನಾಗಿಯೇ ಬಂದಿದೆ, ಆದರೆ ನಾಲ್ಕು ಮೂಲೆಗಳೂ ನಡುಭಾಗಕ್ಕಿಂತ ಬೆಳ್ಳಗಿವೆ. ಮೂಲೆ ಸರಿಮಾಡೋಕೆ ಅಂತ ಹಾಕಿದ ಫ್ಲ್ಯಾಟೇ (ಸಮವಾಗಿ ಬೆಳಗುವ ಪ್ಯಾನೆಲ್ ಅಥವಾ ಆಕಾಶದ ಫೋಟೊ) ಮೂಲೆ ಕೆಡಿಸಿದ ಹಾಗಿದೆ.

ಇಂಥ ಹೊತ್ತಿನಲ್ಲಿ ಮೊದಲು ಹೊಳೆಯುವುದು ಫ್ಲ್ಯಾಟ್ ಮತ್ತೆ ತೆಗೆಯುವುದು. ನಾನೂ ತೆಗೆದಿದ್ದೇನೆ, ಮೂರು ಸಲ. ಪ್ಯಾನೆಲ್ ಬದಲಿಸಿದೆ, ಬಿಳಿ ಬಟ್ಟೆ ಬದಲಿಸಿದೆ, ಮುಂಜಾನೆಯ ಆಕಾಶದ ಫ್ಲ್ಯಾಟ್ ಕೂಡ ತೆಗೆದೆ. ಮೂಲೆ ಹಾಗೇ ಇತ್ತು. ಕೊನೆಗೆ ನೋಡಿದರೆ ತಪ್ಪು ಫ್ಲ್ಯಾಟ್‌ನಲ್ಲಿ ಇರಲೇ ಇಲ್ಲ, ಡಾರ್ಕ್‌ನಲ್ಲಿತ್ತು, ಅಂದರೆ ಮುಚ್ಚಳ ಹಾಕಿ ತೆಗೆದ ಫ್ರೇಮ್‌ನಲ್ಲಿ. ಅವತ್ತಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ: ಏನನ್ನೂ ಮರು ತೆಗೆಯುವ ಮೊದಲು, ಇರುವ ಫೈಲುಗಳ ಅಂಕಿ ನೋಡುವುದು. ದೋಷದ ಆಕಾರವೇ ಯಾವ ಫ್ರೇಮ್ ತಪ್ಪಿದೆ ಅಂತ ಹೇಳಿಬಿಡುತ್ತದೆ.

ಕೂಡಿದ್ದು, ಗುಣಿಸಿದ್ದು

ಕ್ಯಾಮೆರಾದಿಂದ ಬರುವ ಲೈಟ್ ಫ್ರೇಮ್‌ನಲ್ಲಿ, ಅಂದರೆ ಆಕಾಶದ ಫೋಟೊದಲ್ಲಿ, ಎರಡು ಬಗೆಯ ಕೊಳೆ ಇರುತ್ತದೆ. ಒಂದು, ಬೆಳಕಿನ ಮೇಲೆ ಕೂಡಿಕೊಂಡದ್ದು. ಪ್ರತಿ ಪಿಕ್ಸೆಲ್‌ಗೂ ಕ್ಯಾಮೆರಾ ತಾನೇ ಸೇರಿಸುವ ಅಂಕಿ ಅಂದರೆ ಆಫ್‌ಸೆಟ್, ಸೆನ್ಸರ್ ಬಿಸಿಯಿಂದ ಹುಟ್ಟುವ ಡಾರ್ಕ್ ಕರೆಂಟ್, ಮೂಲೆಯಲ್ಲಿ ಕಾಣುವ ಆಂಪ್ ಗ್ಲೋ ಎಲ್ಲವೂ ಈ ಗುಂಪಿನವು. ಇದನ್ನು ಕಳೆಯಬೇಕು. ಬಯಾಸ್ (ಮುಚ್ಚಳ ಹಾಕಿ ಅತಿ ಕಿರು ಎಕ್ಸ್‌ಪೋಷರ್‌ನಲ್ಲಿ ತೆಗೆದದ್ದು) ಮತ್ತು ಡಾರ್ಕ್ (ಮುಚ್ಚಳ ಹಾಕಿ ಲೈಟ್‌ನಷ್ಟೇ ಹೊತ್ತು ತೆಗೆದದ್ದು) ಇರುವುದು ಅದಕ್ಕೆ.

ಇನ್ನೊಂದು, ಬೆಳಕನ್ನೇ ಕಡಿಮೆ ಮಾಡಿದ್ದು. ವಿನ್ಯೆಟಿಂಗ್ ಅನ್ನುವ ಮೂಲೆ ಕತ್ತಲು, ಧೂಳಿನ ಉಂಗುರಗಳು, ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಇರುವ ಸಣ್ಣ ವ್ಯತ್ಯಾಸ. ಇಲ್ಲಿ ಭಾಗಿಸಬೇಕು. ಫ್ಲ್ಯಾಟ್ ಅದಕ್ಕೆ. ಫ್ಲ್ಯಾಟ್ ಕೂಡ ಕ್ಯಾಮೆರಾದಿಂದಲೇ ಬಂದದ್ದಲ್ವಾ? ಅದರೊಳಗೂ ಆಫ್‌ಸೆಟ್ ಕೂತಿರುತ್ತದೆ. ಹಾಗಾಗಿ ಭಾಗಿಸುವ ಮೊದಲು ಅದರಿಂದಲೂ ಬಯಾಸ್ ಅಥವಾ ಡಾರ್ಕ್ ಫ್ಲ್ಯಾಟ್ (ಫ್ಲ್ಯಾಟ್‌ನಷ್ಟೇ ಎಕ್ಸ್‌ಪೋಷರ್‌ನ ಡಾರ್ಕ್) ಕಳೆಯಬೇಕು.

ಸರಿ ಮಾಡಿದ ಚಿತ್ರ ಅಂದರೆ ಒಂದು ಭಾಗಾಕಾರ: ಲೈಟ್‌ನಿಂದ ಡಾರ್ಕ್ ಕಳೆದದ್ದು ಮೇಲೆ, ಫ್ಲ್ಯಾಟ್‌ನಿಂದ ಡಾರ್ಕ್ ಫ್ಲ್ಯಾಟ್ ಕಳೆದದ್ದು ಕೆಳಗೆ. ಮುಕ್ಕಾಲುಪಾಲು ಗೋಳು ಈ ಎರಡು ಕಳೆಯುವಿಕೆಯಲ್ಲೇ ಇರುತ್ತದೆ. ಬೈಗುಳ ಮಾತ್ರ ಫ್ಲ್ಯಾಟ್‌ಗೆ.

ಮೂಲೆ ಬೆಳ್ಳಗಾದರೆ

ಒಂದು ಸಣ್ಣ ಲೆಕ್ಕ ಹಾಕೋಣ. ಕ್ಯಾಮೆರಾದ ಆಫ್‌ಸೆಟ್ 500 ಎಡಿಯು (ಫೈಲ್‌ನಲ್ಲಿ ಪಿಕ್ಸೆಲ್‌ನ ಹೊಳಪು ಹೇಳುವ ಅಂಕಿ) ಅಂತ ಇಟ್ಟುಕೊಳ್ಳಿ. ಆಕಾಶದ ಹಿನ್ನೆಲೆ ನಡುವಿನಲ್ಲಿ 600. ಮೂಲೆಗೆ ಶೇ 70ರಷ್ಟು ಬೆಳಕು ಮಾತ್ರ ಬೀಳುತ್ತದೆ, ಅಂದರೆ 420. ಫೈಲ್‌ನಲ್ಲಿ ಕಾಣುವುದು ಆಫ್‌ಸೆಟ್ ಸೇರಿ 1100 ಮತ್ತು 920. ಫ್ಲ್ಯಾಟ್ ಸರಿಯಾಗಿದೆ, ಮೂಲೆಗೆ 0.7 ಅಂತಲೇ ಹೇಳುತ್ತದೆ.

ಡಾರ್ಕ್ ಕಳೆದರೆ ನಡುವೆ 600, ಮೂಲೆ 420ನ್ನು 0.7ರಿಂದ ಭಾಗಿಸಿದರೆ 600. ಸಮ ಆಯಿತು. ಈಗ ಡಾರ್ಕ್ ಕಳೆಯುವುದನ್ನು ಮರೆತೆವು ಅಂದುಕೊಳ್ಳಿ. ನಡುವೆ 1100 ಹಾಗೇ ಉಳಿಯಿತು. ಮೂಲೆಯ 920ನ್ನು 0.7ರಿಂದ ಭಾಗಿಸಿದರೆ 1314. ಮೂಲೆ 200ಕ್ಕೂ ಜಾಸ್ತಿ ಬೆಳ್ಳಗಾಯಿತು. ಫ್ಲ್ಯಾಟ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಆದರೆ ಲೆನ್ಸಿನ ಮೂಲಕ ಬಾರದ 500ನ್ನೂ ಅದರ ಕೈಗೆ ಕೊಟ್ಟಿದ್ದೇವೆ, ಅದನ್ನೂ ಅದು ಹಿಗ್ಗಿಸಿದೆ.

ಹಾಗಾಗಿ ಮೂಲೆ ಬೆಳ್ಳಗಿದ್ದರೆ, ಧೂಳಿನ ಕಪ್ಪು ಉಂಗುರಗಳು ಬಿಳಿ ಉಂಗುರಗಳಾಗಿ ತಿರುಗಿದ್ದರೆ, ಮೊದಲ ಅನುಮಾನ ಲೈಟ್‌ನಿಂದ ಕಳೆದದ್ದು ಸಾಲದು ಅಂತ. ಡಾರ್ಕ್ ಹಾಕಿದ್ದೀರಾ? ಹಾಕಿದ್ದರೆ ಅದು ಅದೇ ಗೇನ್ ಅಥವಾ ಐಎಸ್‌ಒ (ಸಿಗ್ನಲ್ ಹಿಗ್ಗಿಸುವ ಮಟ್ಟ), ಅದೇ ಆಫ್‌ಸೆಟ್, ಅದೇ ಎಕ್ಸ್‌ಪೋಷರ್, ಅದೇ ತಾಪಮಾನದ್ದಾ?

ನನ್ನದು ಎಡವಿದ್ದು ಆಫ್‌ಸೆಟ್‌ನಲ್ಲಿ. ಕ್ಯಾಮೆರಾ ಡ್ರೈವರ್ ಹೊಸದು ಹಾಕಿದಾಗ ಆಫ್‌ಸೆಟ್ ಸುಮ್ನೆ ಹಳೆಯ ಡೀಫಾಲ್ಟ್‌ಗೆ ಹೋಗಿತ್ತು. ಆಮೇಲೆ ತೆಗೆದ ಡಾರ್ಕ್‌ಗಳ ಮೀಡಿಯನ್ (ಪಿಕ್ಸೆಲ್ ಅಂಕಿಗಳ ನಡುವಣ ಮೌಲ್ಯ) 160. ಅದಕ್ಕೂ ಮೊದಲು ತೆಗೆದ ಲೈಟ್‌ಗಳಲ್ಲಿ ಕೂತದ್ದು 500. ಗೇನ್ ಒಂದೇ, ಮೈನಸ್ 10 ಡಿಗ್ರಿ ಒಂದೇ, 180 ಸೆಕೆಂಡ್ ಒಂದೇ. ಮೂರೂ ಹೊಂದಿದ್ದರಿಂದ ಸಾಫ್ಟ್‌ವೇರ್ ತಕರಾರು ಮಾಡಲಿಲ್ಲ. ಆದರೆ 340 ಎಡಿಯು ಲೈಟ್‌ನಲ್ಲೇ ಉಳಿದುಬಿಟ್ಟಿತ್ತು. ಫೈಲ್‌ನ ಹೆಡರ್ ತೆರೆದು ನೋಡಿದ್ದರೆ ಎರಡು ನಿಮಿಷದ ಕೆಲಸ. ನಾನು ಮೂರು ವಾರ ತೆಗೆದುಕೊಂಡೆ.

ಡಿಎಸ್‌ಎಲ್‌ಆರ್ ಮತ್ತು ಮಿರರ್‌ಲೆಸ್‌ನಲ್ಲಿ ಆಫ್‌ಸೆಟ್ ನಮ್ಮ ಕೈಯಲ್ಲಿಲ್ಲ, ಕ್ಯಾಮೆರಾ ತಾನೇ ಇಡುತ್ತದೆ. 14 ಬಿಟ್‌ನ ಹಲವು ಕ್ಯಾನನ್‌ಗಳಲ್ಲಿ ಅದು 2048ರ ಆಸುಪಾಸು, ಹಲವು ಸೋನಿಗಳಲ್ಲಿ 512. 16383 ಗರಿಷ್ಠ ಇರುವ ಕಡೆ 2048 ಅಂದರೆ ಸಣ್ಣದಲ್ಲ. ಡಾರ್ಕ್ ತೆಗೆಯಲು ಬೇಸರವಾದರೆ ಕೊನೆಪಕ್ಷ ಬಯಾಸ್ ಆದರೂ ಕಳೆಯಿರಿ. ಫ್ಲ್ಯಾಟ್ ಒಂದನ್ನೇ ಹಾಕಿ ಸ್ಟ್ಯಾಕ್ ಮಾಡಿದರೆ ಮೂಲೆ ಬೆಳ್ಳಗಾಗದೆ ಇನ್ನೇನಾಗುತ್ತದೆ?

ಮೂಲೆ ಇನ್ನೂ ಕಪ್ಪಗಿದ್ದರೆ

ಈಗ ತಿರುಗುಮುರುಗು. ಲೈಟ್ ಸರಿಯಾಗಿದೆ, ಫ್ಲ್ಯಾಟ್‌ನಿಂದ ಆಫ್‌ಸೆಟ್ ಕಳೆದಿಲ್ಲ. ಅದೇ ಕ್ಯಾಮೆರಾ, ಆದರೆ ಫ್ಲ್ಯಾಟ್ ಮಂಕಾಗಿ ತೆಗೆದಿದ್ದೇವೆ: ನಡುವೆ ನಿಜ ಬೆಳಕು 3000, ಮೂಲೆ 2100. ಆಫ್‌ಸೆಟ್ ಸೇರಿದರೆ 3500 ಮತ್ತು 2600. ಮೂಲೆಯ ಪಾಲು 0.7 ಇರಬೇಕಾದದ್ದು 0.743 ಅಂತ ಕಾಣುತ್ತದೆ. 420ನ್ನು ಅದರಿಂದ ಭಾಗಿಸಿದರೆ 565. ನಡುವಿನ 600ಕ್ಕೆ ಮುಟ್ಟಲಿಲ್ಲ, ಮೂಲೆ ಕಪ್ಪಾಗಿಯೇ ಉಳಿಯಿತು.

ಇದೇ ಫ್ಲ್ಯಾಟನ್ನು 30000 ಮಟ್ಟದಲ್ಲಿ ತೆಗೆದಿದ್ದರೆ ಪಾಲು 0.705 ಬರುತ್ತಿತ್ತು, ಮೂಲೆ 596ಕ್ಕೆ ಬರುತ್ತಿತ್ತು. ಹಿಸ್ಟೋಗ್ರಾಂ (ಹೊಳಪಿನ ಹಂಚಿಕೆಯ ಗ್ರಾಫ್) ಅರ್ಧಕ್ಕೆ ಬರಲಿ ಅಂತ ಎಲ್ಲರೂ ಹೇಳುವುದಕ್ಕೆ ಇದೂ ಒಂದು ಕಾರಣ, ಸಣ್ಣ ತಪ್ಪುಗಳು ಅಲ್ಲಿ ಮುಚ್ಚಿಹೋಗುತ್ತವೆ. 65535 ಗರಿಷ್ಠ ಇರುವ ಫೈಲ್‌ನಲ್ಲಿ 25000ದಿಂದ 32000 ಒಳ್ಳೆಯ ಜಾಗ. ತೀರಾ ಮೇಲೆ ಹೋದರೆ ಸೆನ್ಸರ್ ತುಂಬಿಕೊಂಡು ನಡುಭಾಗ ಚಪ್ಪಟೆಯಾಗುತ್ತದೆ, ಆಗಲೂ ಪಾಲು ತಪ್ಪುತ್ತದೆ. ಕಲರ್ ಕ್ಯಾಮೆರಾದಲ್ಲಿ ಒಟ್ಟು ಸರಾಸರಿ ನೋಡಿ ಸುಮ್ಮನಾಗಬೇಡಿ. ಹಸಿರು ಚಾನೆಲ್ ತುಂಬಿಹೋಗಿ ಕೆಂಪು ಮಾತ್ರ ಕೆಳಗೇ ಇರುವುದು ಮಾಮೂಲು.

ಕಪ್ಪು ಮೂಲೆಗೆ ಇನ್ನೊಂದು ದಾರಿ, ಎರಡು ಸಲ ಕಳೆಯುವುದು. ಡಾರ್ಕ್‌ನೊಳಗೆ ಬಯಾಸ್ ಮೊದಲೇ ಇರುತ್ತದೆ. ಕೈಯಾರೆ ಪಿಕ್ಸೆಲ್ ಲೆಕ್ಕ ಬರೆಯುವವರು ಲೈಟ್‌ನಿಂದ ಡಾರ್ಕ್ ಕಳೆದು, ಮತ್ತೆ ಬಯಾಸನ್ನೂ ಕಳೆಯುತ್ತಾರೆ. ಆಗ ನಡುವೆ 100 ಉಳಿಯುತ್ತದೆ, ಮೂಲೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಕ್ಯಾಲಿಬ್ರೇಟ್ ಆದ ಒಂದೇ ಫ್ರೇಮ್ ತೆರೆದು ಸೊನ್ನೆ ಇರುವ ಪಿಕ್ಸೆಲ್‌ಗಳನ್ನು ಎಣಿಸಿ. ಮೂಲೆಯ ತುಂಬಾ ಸೊನ್ನೆಗಳಿದ್ದರೆ ಬೇರೆ ಸಾಕ್ಷಿ ಬೇಡ. ಕ್ಯಾಮೆರಾದ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆನ್ ಇಟ್ಟುಕೊಂಡವರ ಕಥೆಯೂ ಹತ್ತಿರ ಹತ್ತಿರ ಇದೇ. ಕ್ಯಾಮೆರಾ ಒಂದು ಸಲ ಡಾರ್ಕ್ ಕಳೆದಿರುತ್ತದೆ, ನಾವು ಇನ್ನೊಂದು ಸಲ ಕಳೆಯುತ್ತೇವೆ. ಅದನ್ನು ಆಫ್ ಮಾಡಿಡಿ.

ಫ್ಲ್ಯಾಟ್‌ಗೆ ಫ್ಲ್ಯಾಟ್ ಹಾಕಿ ನೋಡಿ

ಮೇಲಿನದೆಲ್ಲ ನೋಡಿದ ಮೇಲೂ ಸಿಗಲಿಲ್ಲ ಅಂದರೆ, ನನಗೆ ಅತಿ ಹೆಚ್ಚು ನೆರವಾದ ಪರೀಕ್ಷೆ ಇದು. ಹಗಲಲ್ಲೂ ಮಾಡಬಹುದು, ಆಕಾಶ ಬೇಕಿಲ್ಲ.

ಕ್ಯಾಮೆರಾ, ಪ್ಯಾನೆಲ್ ಏನನ್ನೂ ಕದಲಿಸದೆ ಎರಡು ಗುಂಪು ಫ್ಲ್ಯಾಟ್ ತೆಗೆಯಿರಿ. ಮೊದಲನೆಯದು ಮಾಮೂಲು ಮಟ್ಟದಲ್ಲಿ, 30000 ಅಂದುಕೊಳ್ಳಿ. ಎರಡನೆಯದು ಎಕ್ಸ್‌ಪೋಷರ್ ಕಡಿಮೆ ಮಾಡಿ 5000ಕ್ಕೆ. ಎರಡಕ್ಕೂ ಅದದೇ ಎಕ್ಸ್‌ಪೋಷರ್‌ನ ಡಾರ್ಕ್ ಫ್ಲ್ಯಾಟ್ ಇರಲಿ. ಈಗ ಎರಡನೆಯ ಗುಂಪನ್ನು ಲೈಟ್ ಅಂತ ಸಾಫ್ಟ್‌ವೇರ್‌ಗೆ ಕೊಟ್ಟು, ಮೊದಲ ಗುಂಪನ್ನು ಫ್ಲ್ಯಾಟ್ ಅಂತ ಹಾಕಿ. ಬರುವ ಚಿತ್ರ ಮೂಲೆಯಿಂದ ಮೂಲೆಗೆ ಮಟ್ಟಸವಾಗಿರಬೇಕು, ಧೂಳಿನ ಗುರುತೂ ಇರಬಾರದು. ಕಣ್ಣಿಗೆ ಕಂಡದ್ದನ್ನು ನಂಬಬೇಡಿ, ಆಟೋ ಸ್ಟ್ರೆಚ್ ಏನಿಲ್ಲದಿದ್ದರೂ ಬೆಟ್ಟ ಕಣಿವೆ ತೋರಿಸುತ್ತದೆ. ನಡುವೆ ಒಂದು ಚೌಕ, ಮೂಲೆಯಲ್ಲಿ ಒಂದು ಚೌಕ ಹಾಕಿ ಮೀಡಿಯನ್ ಓದಿ.

ಮಟ್ಟಸವಾಗಿಲ್ಲ ಅಂದರೆ ತೊಂದರೆ ಕ್ಯಾಮೆರಾ ಕಡೆ: ಕಳೆಯುವ ಫ್ರೇಮ್ ತಪ್ಪಿದೆ, ಇಲ್ಲವೇ ಸೆನ್ಸರ್ ಆ ಎಕ್ಸ್‌ಪೋಷರ್‌ನಲ್ಲಿ ನೇರ ಲೆಕ್ಕ ಕೊಡುತ್ತಿಲ್ಲ. ಸೋನಿಯ ಐಎಂಎಕ್ಸ್294 ಸೆನ್ಸರ್ ಈ ವಿಷಯದಲ್ಲಿ ಹೆಸರುವಾಸಿ. ತೀರಾ ಕಿರು ಎಕ್ಸ್‌ಪೋಷರ್‌ನಲ್ಲಿ ಅದರ ನಡವಳಿಕೆ ಬೇರೆ. ಅದನ್ನು ಬಳಸುವವರು ಬಯಾಸ್ ಬಿಟ್ಟು, ಬೆಳಕು ತಗ್ಗಿಸಿ ಮೂರು ಸೆಕೆಂಡಿಗಿಂತ ಉದ್ದದ ಫ್ಲ್ಯಾಟ್ ತೆಗೆದು, ಅದೇ ಉದ್ದದ ಡಾರ್ಕ್ ಫ್ಲ್ಯಾಟ್ ಕಳೆಯುವುದು ಇದಕ್ಕೇ. ನನ್ನ ಮಟ್ಟಿಗೆ ಯಾವ ಕ್ಯಾಮೆರಾ ಆದರೂ ಡಾರ್ಕ್ ಫ್ಲ್ಯಾಟೇ ವಾಸಿ. ಫ್ಲ್ಯಾಟ್ ಮುಗಿದ ಕೂಡಲೇ ಮುಚ್ಚಳ ಹಾಕಿ ಅಷ್ಟೇ ಸಂಖ್ಯೆ ತೆಗೆದರೆ ಆಯಿತು, ಐದು ನಿಮಿಷ.

ಮಟ್ಟಸವಾಗಿದೆ, ಆದರೂ ಆಕಾಶದ ಫೋಟೊ ಮಾತ್ರ ಕೆಡುತ್ತಿದೆ ಅಂದರೆ ಲೆಕ್ಕವೆಲ್ಲ ಸರಿಯಿದೆ. ಪ್ಯಾನೆಲ್‌ನ ಬೆಳಕು ಒಳಗೆ ಹೋಗುವ ದಾರಿ ಬೇರೆ, ಆಕಾಶದ್ದು ಬೇರೆ ಆಗಿದೆ. ಪ್ಯಾನೆಲ್ ಓರೆಯಾಗಿ ಕೂತಿರಬಹುದು, ಅಂಚಿನಲ್ಲಿ ಮಂಕಾಗಿರಬಹುದು. ಕೊಳವೆಯ ಒಳಗೋಡೆ ಹೊಳೆಯುತ್ತಿದ್ದರೆ ಪ್ಯಾನೆಲ್‌ನ ಬದಿಬೆಳಕು ಅಲ್ಲಿ ತಾಗಿ ಸೆನ್ಸರ್‌ಗೆ ಬೀಳುತ್ತದೆ. ಪ್ಯಾನೆಲನ್ನು 90 ಡಿಗ್ರಿ ತಿರುಗಿಸಿ ಇನ್ನೊಂದು ಗುಂಪು ತೆಗೆದು, ಒಂದನ್ನು ಇನ್ನೊಂದರಿಂದ ಭಾಗಿಸಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಳಿಜಾರು ಕಂಡರೆ ಪ್ಯಾನೆಲ್ ಸಮವಾಗಿ ಬೆಳಗುತ್ತಿಲ್ಲ ಅಂತ ಅರ್ಥ.

ಧೂಳಿನ ಉಂಗುರಗಳು ಹೇಳುವ ಸುದ್ದಿ

ಉಂಗುರ ಪೂರ್ತಿ ಕಪ್ಪು ಅಥವಾ ಪೂರ್ತಿ ಬಿಳಿ ಆಗಿದ್ದರೆ ಅದು ಮೇಲಿನ ಲೆಕ್ಕದ ತಪ್ಪು. ಒಂದು ಪಕ್ಕ ಬಿಳಿ, ಎದುರು ಪಕ್ಕ ಕಪ್ಪು, ನಾಣ್ಯದ ಮೇಲಿನ ಉಬ್ಬಿನ ಹಾಗೆ ಕಂಡರೆ ಲೈಟ್‌ಗೂ ಫ್ಲ್ಯಾಟ್‌ಗೂ ನಡುವೆ ಏನೋ ಸರಿದಿದೆ. ಫೋಕಸರ್ ಬಿಗಿಯಿಲ್ಲದೆ ಕ್ಯಾಮೆರಾ ಭಾರಕ್ಕೆ ಜೋತಿರಬಹುದು. ಕ್ಯಾಮೆರಾ ಕೊಂಚ ತಿರುಗಿರಬಹುದು. ಫಿಲ್ಟರ್ ಚಕ್ರ ಪ್ರತಿ ಸಲ ಅದೇ ಜಾಗಕ್ಕೆ ಬಂದು ನಿಲ್ಲದೆ ಇರಬಹುದು. ಚಕ್ರದ ಅನುಮಾನವಿದ್ದರೆ ಒಂದು ಫ್ಲ್ಯಾಟ್ ತೆಗೆದು, ಚಕ್ರ ಒಂದು ಸುತ್ತು ಹಾಕಿಸಿ, ಇನ್ನೊಂದು ತೆಗೆದು ಭಾಗಿಸಿ ನೋಡಿ.

ಆ ಧೂಳು ಎಲ್ಲಿ ಕೂತಿದೆ ಅಂತಲೂ ಲೆಕ್ಕ ಹಾಕಬಹುದು. ಉಂಗುರದ ಅಗಲ ಎಷ್ಟು ಪಿಕ್ಸೆಲ್ ಅಂತ ಅಳೆಯಿರಿ, ಅದನ್ನು ಪಿಕ್ಸೆಲ್ ಗಾತ್ರದಿಂದ ಗುಣಿಸಿ, ಎಫ್ ಸಂಖ್ಯೆಯಿಂದ (ದೂರದರ್ಶಕದ ನಾಭಿದೂರವನ್ನು ಅದರ ಬಾಯಿಯ ವ್ಯಾಸದಿಂದ ಭಾಗಿಸಿದ್ದು) ಮತ್ತೆ ಗುಣಿಸಿ. ಬರುವುದು ಸೆನ್ಸರ್‌ನಿಂದ ಧೂಳಿಗೆ ಇರುವ ಸುಮಾರು ದೂರ. 3.76 ಮೈಕ್ರಾನ್ ಪಿಕ್ಸೆಲ್, ಎಫ್/5 ದೂರದರ್ಶಕ, ಉಂಗುರ 100 ಪಿಕ್ಸೆಲ್: 1880 ಮೈಕ್ರಾನ್, ಅಂದರೆ 2 ಮಿಲಿಮೀಟರ್‌ಗೂ ಕಡಿಮೆ. ಅಷ್ಟು ಹತ್ತಿರ ಇರುವುದು ಸೆನ್ಸರ್‌ನ ಗಾಜೇ. 600 ಪಿಕ್ಸೆಲ್ ಇದ್ದರೆ 11 ಮಿಲಿಮೀಟರ್ ಚಿಲ್ಲರೆ. ಆಗ ಕ್ಯಾಮೆರಾದ ಮುಂದಿನ ಗಾಜು ಅಥವಾ ಫಿಲ್ಟರ್ ನೋಡಿ. ದೊಡ್ಡ ಕನ್ನಡಿಯ ಮೇಲಿನ ಧೂಳು ಉಂಗುರವಾಗಿ ಕಾಣುವುದೇ ಇಲ್ಲ, ಅದನ್ನು ತೊಳೆಯುವ ಉಸಾಬರಿಗೆ ಹೋಗಬೇಡಿ.

ಉಂಗುರ ಹುಡುಕುವಾಗ ಸ್ಟ್ಯಾಕ್ ಆದ ಚಿತ್ರ ನೋಡಬಾರದು. ಮೆರಿಡಿಯನ್ ಫ್ಲಿಪ್ (ಗುರಿ ಉತ್ತರ-ದಕ್ಷಿಣ ರೇಖೆ ದಾಟಿದಾಗ ದೂರದರ್ಶಕವನ್ನು ಮೌಂಟ್‌ನ ಇನ್ನೊಂದು ಬದಿಗೆ ಹೊರಳಿಸುವುದು) ಆದ ಮೇಲೆ ನಕ್ಷತ್ರಗಳು 180 ಡಿಗ್ರಿ ತಿರುಗುತ್ತವೆ, ಧೂಳು ಸೆನ್ಸರ್ ಜೊತೆಗೇ ಉಳಿಯುತ್ತದೆ. ನಕ್ಷತ್ರ ಹೊಂದಿಸಿ ಕೂಡಿಸಿದಾಗ ಒಂದೇ ಕಣ ಎದುರುಬದುರು ಎರಡು ಕಡೆ ಕಾಣಿಸುತ್ತದೆ. ಫ್ಲಿಪ್‌ಗೆ ಅಂತ ಬೇರೆ ಫ್ಲ್ಯಾಟ್ ಬೇಕಿಲ್ಲ, ಏನೂ ಸಡಿಲವಿಲ್ಲದಿದ್ದರೆ ಅದೇ ಸಾಕು.

ಇನ್ನು, ಉಂಗುರ ಲೈಟ್‌ನಲ್ಲಿ ಮೇಲೆ ಇದ್ದು ಫ್ಲ್ಯಾಟ್‌ನಲ್ಲಿ ಕೆಳಗೆ, ಕನ್ನಡಿ ಹಿಡಿದ ಹಾಗೆ ಇದ್ದರೆ? ಲೈಟ್ ಒಂದು ಸಾಫ್ಟ್‌ವೇರ್‌ನಲ್ಲಿ, ಫ್ಲ್ಯಾಟ್ ಇನ್ನೊಂದರಲ್ಲಿ ತೆಗೆದಿದ್ದೀರಿ. ಫಿಟ್ಸ್ (ಖಗೋಳ ಚಿತ್ರಗಳಿಗೆ ಬಳಸುವ ಬಗೆ) ಫೈಲನ್ನು ಕೆಲವು ಮೇಲಿನ ಸಾಲಿನಿಂದ ಬರೆಯುತ್ತವೆ, ಕೆಲವು ಕೆಳಗಿನಿಂದ. ಒಂದೇ ಸಾಫ್ಟ್‌ವೇರ್‌ನಲ್ಲಿ ಎಲ್ಲವನ್ನೂ ತೆಗೆಯುವುದು ಕ್ಷೇಮ.

ಮೂಲೆಯ ಹೊಳಪು, ಕಪ್ಪು ಚುಕ್ಕೆ

ಆಂಪ್ ಗ್ಲೋ ಅಂದರೆ ಚಿತ್ರದ ಒಂದು ಬದಿಯಿಂದ ಒಳಕ್ಕೆ ಚಾಚಿದ ಬೆಳಕಿನ ಕಿರಣಗಳು. ಐಎಂಎಕ್ಸ್294, ಐಎಂಎಕ್ಸ್183 ಸೆನ್ಸರ್‌ಗಳಲ್ಲಿ ಜೋರಾಗಿಯೇ ಇರುತ್ತದೆ. ಐಎಂಎಕ್ಸ್571, 533ರಲ್ಲಿ ಇದರ ಕಾಟವಿಲ್ಲ. ಗ್ಲೋ ಇರುವುದು ದೋಷವಲ್ಲ, ಡಾರ್ಕ್ ಕಳೆದ ಮೇಲೂ ಉಳಿದರೆ ದೋಷ. ಬಹುಪಾಲು ಕಾರಣ ಒಂದೇ: ಡಾರ್ಕ್‌ನ ಎಕ್ಸ್‌ಪೋಷರ್ ಹೊಂದಿಲ್ಲ, ಅಥವಾ ಸಾಫ್ಟ್‌ವೇರ್‌ನಲ್ಲಿ ಡಾರ್ಕ್ ಆಪ್ಟಿಮೈಸೇಷನ್ ಟಿಕ್ ಆಗಿದೆ. ಅದು 300 ಸೆಕೆಂಡಿನ ಡಾರ್ಕನ್ನು 180ಕ್ಕೆ ಇಳಿಸಿ ಕಳೆಯಲು ನೋಡುತ್ತದೆ. ಡಾರ್ಕ್ ಕರೆಂಟ್ ಸಮಯದ ಜೊತೆ ನೇರವಾಗಿ ಏರುತ್ತದೆ ಅಂತ ಅದರ ನಂಬಿಕೆ. ಗ್ಲೋ ಹಾಗೆ ಏರುವುದಿಲ್ಲ. ಟಿಕ್ ತೆಗೆಯಿರಿ, ಅದೇ ಉದ್ದದ ಡಾರ್ಕ್ ತೆಗೆಯಿರಿ.

ಬಿಳಿ ಹಾಟ್ ಪಿಕ್ಸೆಲ್‌ಗಳ (ಬೆಳಕಿಲ್ಲದಿದ್ದರೂ ಹೊಳೆಯುವ ಪಿಕ್ಸೆಲ್‌ಗಳು) ಜಾಗದಲ್ಲಿ ಕಪ್ಪು ತೂತುಗಳು ಬಂದಿದ್ದರೆ ಡಾರ್ಕ್ ತೆಗೆಯುವಾಗ ಸೆನ್ಸರ್ ಲೈಟ್‌ಗಿಂತ ಬಿಸಿಯಿತ್ತು. ಬಿಳಿ ಚುಕ್ಕೆಗಳು ಹಾಗೇ ಉಳಿದಿದ್ದರೆ ತಣ್ಣಗಿತ್ತು. ಸುಮಾರು 6 ಡಿಗ್ರಿ ಏರಿದರೆ ಡಾರ್ಕ್ ಕರೆಂಟ್ ದುಪ್ಪಟ್ಟಾಗುತ್ತದೆ, ಹಾಗಾಗಿ ಕೂಲಿಂಗ್ ಇಲ್ಲದ ಕ್ಯಾಮೆರಾದವರಿಗೆ ಇದು ನಿತ್ಯದ ತಲೆನೋವು. ಸಂಜೆ 24 ಡಿಗ್ರಿ ಇದ್ದದ್ದು ಬೆಳಗಿನ ಜಾವಕ್ಕೆ 15 ಆಗಿರುತ್ತದೆ, ಎಲ್ಲ ಡಾರ್ಕನ್ನೂ ಕೊನೆಯಲ್ಲೇ ತೆಗೆದರೆ ಸಂಜೆಯ ಲೈಟ್‌ಗಳಿಗೆ ಅದು ಹೊಂದುವುದಿಲ್ಲ. ಹಲವು ಕ್ಯಾಮೆರಾಗಳು ಎಕ್ಸಿಫ್‌ನಲ್ಲಿ ತಮ್ಮ ಒಳಗಿನ ತಾಪಮಾನ ಬರೆದಿಡುತ್ತವೆ, ಅದನ್ನು ನೋಡಿ ಗುಂಪು ಮಾಡಿ. ಅದೂ ಆಗದಿದ್ದರೆ ಡಾರ್ಕ್ ಬಿಟ್ಟು ಬಯಾಸ್ ಮತ್ತು ಡಿದರಿಂಗ್ (ಫ್ರೇಮ್‌ಗಳ ನಡುವೆ ದೂರದರ್ಶಕವನ್ನು ಕೊಂಚ ಸರಿಸುವುದು) ನೆಚ್ಚಿಕೊಳ್ಳುವುದು ನನ್ನ ಪ್ರಕಾರ ತಪ್ಪಲ್ಲ. ಕೆಟ್ಟ ಡಾರ್ಕ್‌ಗಿಂತ ಡಾರ್ಕ್ ಇಲ್ಲದಿರುವುದೇ ಮೇಲು.

ಮುಚ್ಚಿದ ಮುಚ್ಚಳದೊಳಗೆ ಬೆಳಕು

ಡಾರ್ಕ್‌ನಲ್ಲಿ ಒಂದು ಬದಿಯಿಂದ ಇಳಿಜಾರು ಕಾಣುತ್ತಿದ್ದರೆ ಬೆಳಕು ಸೋರುತ್ತಿದೆ. ಪರೀಕ್ಷೆ ಸುಲಭ. ದೀಪ ಹಾಕಿದ ಕೋಣೆಯಲ್ಲಿ ಒಂದು ಡಾರ್ಕ್, ದೀಪ ಆರಿಸಿ ಒಂದು. ಮೀಡಿಯನ್ ಬೇರೆ ಬೇರೆ ಬಂದರೆ ಮುಚ್ಚಳ ಸಾಲದು. ಕಣ್ಣಿಗೆ ಅಪ್ಪಟ ಕಪ್ಪಾಗಿ ಕಾಣುವ ಪ್ಲಾಸ್ಟಿಕ್ ಮುಚ್ಚಳಗಳಲ್ಲಿ ಕೆಲವು ಇನ್‌ಫ್ರಾರೆಡ್ ಬಿಟ್ಟುಕೊಡುತ್ತವೆ. ಮುಚ್ಚಳದ ಮೇಲೆ ಅಲ್ಯೂಮಿನಿಯಂ ಹಾಳೆ ಸುತ್ತಿ. ಡಿಎಸ್‌ಎಲ್‌ಆರ್‌ನಲ್ಲಿ ವ್ಯೂಫೈಂಡರ್‌ನಿಂದಲೂ ಬೆಳಕು ನುಗ್ಗುತ್ತದೆ, ಅದನ್ನೂ ಮುಚ್ಚಿ.

ನ್ಯೂಟೋನಿಯನ್ ಅನ್ನುವ ಕನ್ನಡಿ ದೂರದರ್ಶಕದಲ್ಲಿ ಸೋರುವ ಜಾಗ ಇನ್ನೂ ಎರಡಿವೆ. ಕನ್ನಡಿಯ ಹಿಂಭಾಗ ಮತ್ತು ಫೋಕಸರ್ ಸಂದು. ಇವು ಲೈಟ್ ಮತ್ತು ಫ್ಲ್ಯಾಟ್ ಎರಡನ್ನೂ ಕೆಡಿಸುತ್ತವೆ. ಒಮ್ಮೆ ಕೊಳವೆಯ ಮುಂಭಾಗ ಭದ್ರವಾಗಿ ಮುಚ್ಚಿ, ಹಿಂದಿನಿಂದ ಟಾರ್ಚ್ ಹಿಡಿದು 10 ಸೆಕೆಂಡ್ ತೆಗೆದೆ. ಫೋಕಸರ್ ಆಕಾರದ ಬೆಳ್ಳನೆ ಬಿಲ್ಲು ಚಿತ್ರದ ಅಂಚಿನಲ್ಲಿ ಮೂಡಿತ್ತು. ಹಿಂಭಾಗಕ್ಕೆ ಒಂದು ಕಪ್ಪು ರಟ್ಟು, ಫೋಕಸರ್‌ಗೆ ಒಂದು ಕಪ್ಪು ಬಟ್ಟೆ. ಅಷ್ಟಕ್ಕೇ ಹೋಯಿತು.

ಪಟ್ಟೆ, ಚೌಕಳಿ, ಬಣ್ಣ

ಫ್ಲ್ಯಾಟ್‌ನಲ್ಲಿ ಅಡ್ಡಪಟ್ಟೆಗಳು ಬಂದಿದ್ದು, ಪ್ರತಿ ಫ್ರೇಮ್‌ನಲ್ಲೂ ಬೇರೆ ಜಾಗದಲ್ಲಿದ್ದರೆ ಅದು ಪ್ಯಾನೆಲ್‌ನ ಮಿನುಗು. ಎಲ್‌ಇಡಿಯ ಬೆಳಕು ತಗ್ಗಿಸಿದಾಗ ಅದು ನಿಜಕ್ಕೂ ವೇಗವಾಗಿ ಆರಿ ಹತ್ತುತ್ತಿರುತ್ತದೆ. ರೋಲಿಂಗ್ ಶಟರ್ ಸಾಲುಸಾಲಾಗಿ ಓದುವಾಗ ಅದು ಪಟ್ಟೆಯಾಗಿ ಬೀಳುತ್ತದೆ. ಪ್ಯಾನೆಲ್ ಪೂರ್ತಿ ಬೆಳಗಿಸಿ, ಮುಂದೆ ಬಿಳಿ ಕಾಗದ ಇಟ್ಟು ಮಂಕು ಮಾಡಿ, ಎಕ್ಸ್‌ಪೋಷರ್ ಒಂದೆರಡು ಸೆಕೆಂಡಿಗೆ ಎಳೆಯಿರಿ.

ಕ್ಯಾಲಿಬ್ರೇಟ್ ಆದ ಚಿತ್ರವನ್ನು ದೊಡ್ಡದು ಮಾಡಿದಾಗ ಚೌಕಳಿ ಕಂಡರೆ ಡಿಬೇಯರ್ (ಕಲರ್ ಕ್ಯಾಮೆರಾದ ರಾ ಫೈಲ್‌ನಿಂದ ಪೂರ್ತಿ ಬಣ್ಣ ಕಟ್ಟುವುದು) ಮೊದಲು ಆಗಿಹೋಗಿದೆ, ಇಲ್ಲವೇ ಒಂದು ಗುಂಪು ಮಾತ್ರ ಡಿಬೇಯರ್ ಆಗಿದೆ. ಡಾರ್ಕ್, ಫ್ಲ್ಯಾಟ್ ಎಲ್ಲವೂ ರಾ ಮೇಲೆ. ಡಿಬೇಯರ್ ಆಮೇಲೆ, ನಕ್ಷತ್ರ ಹೊಂದಿಸುವುದು ಅದರ ನಂತರ. ಜೆಪೆಗ್ ಫ್ಲ್ಯಾಟ್ ಅಂತೂ ಬೇಡವೇ ಬೇಡ.

ಇಡೀ ಚಿತ್ರಕ್ಕೆ ಒಂದೇ ಬಣ್ಣ ತಿರುಗಿದ್ದರೆ ಗಾಬರಿ ಬೇಡ. ಪ್ಯಾನೆಲ್‌ನ ನೀಲಿ ಛಾಯೆ ಭಾಗಾಕಾರದಲ್ಲಿ ತಿರುಗಿ ಬಂದಿದೆ, ಅಷ್ಟೆ. ಸಿರಿಲ್ ಅನ್ನುವ ಸ್ಟ್ಯಾಕಿಂಗ್ ಸಾಫ್ಟ್‌ವೇರ್‌ನಲ್ಲಿ ಸಿಎಫ್ಎ (ಸೆನ್ಸರ್ ಮೇಲಿನ ಬಣ್ಣದ ಫಿಲ್ಟರ್ ಜಾಲ) ಸಮ ಮಾಡುವ ಆಯ್ಕೆ ಇದೆ, ಕಲರ್ ಕ್ಯಾಲಿಬ್ರೇಷನ್‌ನಲ್ಲೂ ಸರಿಹೋಗುತ್ತದೆ.

ಎಲ್ಲ ಸರಿಯಿದ್ದೂ ಒಂದು ಬದಿ ಬೆಳ್ಳಗೆ

ಫ್ಲ್ಯಾಟ್‌ಗೆ ಫ್ಲ್ಯಾಟ್ ಮಟ್ಟಸ, ಧೂಳು ಮಾಯ, ಸೊನ್ನೆ ಪಿಕ್ಸೆಲ್ ಇಲ್ಲ. ಆದರೂ ಚಿತ್ರದ ಒಂದು ಬದಿ ಬೆಳಗುತ್ತಿದೆ. ಫ್ಲಿಪ್‌ಗೆ ಮೊದಲಿನ ಒಂದು ಫ್ರೇಮ್, ನಂತರದ ಒಂದು ಫ್ರೇಮ್ ಪಕ್ಕಪಕ್ಕ ಇಟ್ಟು ನೋಡಿ, ನಕ್ಷತ್ರ ಹೊಂದಿಸದೆ. ಬೆಳ್ಳನೆ ಬದಿ ಸೆನ್ಸರ್‌ನ ಅದೇ ಅಂಚಿಗೆ ಅಂಟಿಕೊಂಡಿದ್ದರೆ ಸಾಮಗ್ರಿಯ ದೋಷ, ಮತ್ತೆ ಸೋರಿಕೆ ಹುಡುಕಿ. ನಕ್ಷತ್ರಗಳ ಜೊತೆ ಎದುರು ಅಂಚಿಗೆ ಹೋಗಿದ್ದರೆ ಅದು ಆಕಾಶದ್ದೇ: ಚಂದ್ರ ಅಥವಾ ದಿಗಂತದ ದೀಪಗಳು. ಅದು ಕೂಡಿಕೊಂಡ ಬೆಳಕು, ಯಾವ ಫ್ಲ್ಯಾಟೂ ತೆಗೆಯಲಾರದು. ಅದಕ್ಕೆ ಸಾಫ್ಟ್‌ವೇರ್‌ನಲ್ಲಿ ಗ್ರೇಡಿಯೆಂಟ್ (ಹಿನ್ನೆಲೆ ಬೆಳಕಿನ ಇಳಿಜಾರು) ತೆಗೆಯುವ ಸಾಧನ ಬಳಸಿ, ಫ್ಲ್ಯಾಟ್‌ಗಳನ್ನು ಇದ್ದ ಹಾಗೇ ಬಿಡಿ.

ನನ್ನ ಡಾರ್ಕ್ ಫೋಲ್ಡರ್‌ಗಳ ಹೆಸರು ಈಗ ಉದ್ದವಾಗಿದೆ. ಗೇನ್, ಆಫ್‌ಸೆಟ್, ತಾಪಮಾನ, ಸೆಕೆಂಡ್, ತೆಗೆದ ತಿಂಗಳು, ಕೊನೆಗೆ ಮೀಡಿಯನ್. ಆ ಕೊನೆಯ ಅಂಕಿ ಹಳೆಯ ಡಾರ್ಕ್‌ನದಕ್ಕಿಂತ ಬೇರೆ ಬಂದ ದಿನ ಲೈಟ್ ತೆಗೆಯಲು ಕೂರುವುದಿಲ್ಲ, ಮೊದಲು ಡ್ರೈವರ್ ಸೆಟ್ಟಿಂಗ್ ತೆರೆಯುತ್ತೇನೆ.